ಲಾಳ ಕಟ್ಟಿಸಿಕೊಂಡ ಮೇಷ್ಟ್ರು

ಹೋದ ತಿಂಗಳು ನಮ್ಮ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ತೀರಿಕೊಂಡಾಗ, ಮದ್ದೂರಿನ ನಮ್ಮ ಬೀದಿಯಲ್ಲಿ ಅತ್ತವರಿಗಿಂತ ಮೊಬೈಲು ಎತ್ತಿ ಹಿಡಿದು ನಿಂತವರೇ ಹೆಚ್ಚು. ಶಾಮಿಯಾನದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಮೇಷ್ಟ್ರು ಮಲಗಿದ್ದಾರೆ, ತಮಟೆಯವರು ಮೂಲೆಯಲ್ಲಿ ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತಿದ್ದಾರೆ, ಜನ ಮಾತ್ರ ಹೆಣವನ್ನು ಬಿಟ್ಟು ಹೆಂಡತಿಯ ಕಾಲು ನೋಡುತ್ತಿದ್ದಾರೆ. ಈಗ ಏಳುತ್ತೆ, ಆಗ ಏಳುತ್ತೆ ಅಂತ.

ಯಾಕೆಂದರೆ ಆಯಮ್ಮ ನಾಲ್ಕು ಜನರೆದುರು ಒಂದು ಮಾತು ಆಡಿದ್ದರು. ಮಳವಳ್ಳಿಯ ಛತ್ರವೊಂದರಲ್ಲಿ, ತಮ್ಮ ಅಣ್ಣನ ಮಗಳ ಮದುವೆಯಲ್ಲಿ, "ನಾನು ಕುಣಿಯೋದು ನಿಮ್ ಎಣದ್ ಮುಂದೇನೆ, ಓಗಿ" ಅಂತ ಗಂಡನ ಮುಖಕ್ಕೇ ಅಂದಿದ್ದರು. ಯಾರೋ ಪುಣ್ಯಾತ್ಮ ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ನೆಂಟರಿಷ್ಟರೆಲ್ಲ ನೋಡಿದರು. ಹಾಗಾಗಿ ಮೇಷ್ಟ್ರು ಸತ್ತರು ಅಂದ ತಕ್ಷಣ ಊರಿಗೆ ಮೊದಲು ನೆನಪಾಗಿದ್ದು ಆ ಮಾತು. ತಮಟೆ ಬಡಿದರು, ಹುಡುಗರು ಕುಣಿದರು, ಆಯಮ್ಮ ಕದಲಲಿಲ್ಲ. "ಮಾತ್ ತಪ್ಪುದ್ಲು ಕಣಮ್ಮ" ಅಂತ ಹಾಲಿನ ಡೈರಿಯ ಮುಂದೆ ಇವತ್ತಿಗೂ ಆಡಿಕೊಳ್ಳುತ್ತಾರೆ. ಕೇಳಿ ಕೇಳಿ ನನಗೆ ಮೈ ಉರಿದುಹೋಗಿದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ. ಹಾಕಿದರೆ ಅಕ್ಕ ನನ್ನನ್ನು ಉಳಿಸುವುದಿಲ್ಲ.

ಅಕ್ಕ ಅಂದರೆ ಮೇಷ್ಟ್ರ ಹೆಂಡತಿ. ನಾನು ಮೇಷ್ಟ್ರ ಜೊತೆ ಒಂದೇ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದವಳು. ಸಾಲದ್ದಕ್ಕೆ ಪಕ್ಕದ ಮನೆ ಬೇರೆ. ನಡುವೆ ಎದೆಯೆತ್ತರದ ಕಾಂಪೌಂಡು. ಶಾಲೆಯಲ್ಲಿ ಅವರ ಸೀಟಿ ಕೇಳಿ, ಮನೆಯಲ್ಲಿ ಅವರ ಜಗಳ ಕೇಳಿ ನನ್ನ ಆಯುಷ್ಯದ ಒಳ್ಳೆ ಭಾಗ ಕಳೆದುಹೋಯಿತು.

ಮೇಷ್ಟ್ರಿಗೆ ಒಂದೇ ಹುಚ್ಚು. ಹಳೇ ಇಂಗ್ಲಿಷ್ ಡ್ಯಾನ್ಸ್ ಸಿನಿಮಾ. ಕಪ್ಪು ಬಿಳುಪಿನವು. ಬಾಲದ ಕೋಟು, ಕೊಳವೆ ಟೋಪಿ ಹಾಕಿಕೊಂಡ ಗಂಡಸು, ನೆಲಕ್ಕೆ ಎಳೆಯುವ ಗೌನಿನ ಹೆಂಗಸು, ಮುಗಿಯದಷ್ಟು ಮೆಟ್ಟಿಲು, ಬೂಟಿನಲ್ಲಿ ಟಕಟಕ. ಮೈಸೂರಿನಲ್ಲಿ ಡ್ರಿಲ್ ಮೇಷ್ಟ್ರ ಟ್ರೇನಿಂಗಿಗೆ ಇದ್ದಾಗ ಭಾನುವಾರ ಬೆಳಗಿನ ಆಟಕ್ಕೆ ಹೋಗಿದ್ದರಂತೆ. ಇಂಗ್ಲಿಷ್ ಪಿಕ್ಚರ್ ಅಂದರೆ ಹೊಡೆದಾಟ ಇರುತ್ತದೆ ಅಂತ ಹೋದರೆ ತೆರೆಯ ಮೇಲೆ ಒಬ್ಬ ಒಣಕಲ ಕುಣಿಯುತ್ತಿದ್ದ.

"ಮೈಯಾಗೆ ಮಾಂಸನೇ ಇಲ್ಲ ಮೇಡಮ್ಮ. ನಮ್ಮ ಸ್ಕೂಲಿನ ಕಬಡ್ಡಿ ಟೀಮಿಗೂ ತಕಳಾದಿಲ್ಲ ಅವನ್ನ. ಆದ್ರೆ ನೆಲ ಅವ್ನ್ ಮಾತ್ ಕೇಳ್ತಿತ್ತು. ನನ್ ಮಾತ್ನ ಎಂಟ್ನೇ ಕ್ಲಾಸ್ ಐಕಳೇ ಕೇಳಲ್ಲ!"

ಅಲ್ಲಿಂದ ಶುರುವಾದ ರೋಗ ಸಾಯುವವರೆಗೂ ಬಿಡಲಿಲ್ಲ. ಮೊದಮೊದಲು ಕ್ಯಾಸೆಟ್ಟು, ಆಮೇಲೆ ಸೀಡಿ, ಕಡೆಗೆ ಮೊಬೈಲು ಬಂದಮೇಲಂತೂ ಕೇಳುವುದೇ ಬೇಡ. ಬೆಳಗ್ಗೆ ಹೂವು ಕೀಳುವ ಹೊತ್ತಿಗೆ ಕಾಂಪೌಂಡಿನ ಆಚೆಯಿಂದ ಕಹಳೆ, ಪಿಯಾನೊ, ಟಕಟಕ.

ಕತೆಯನ್ನೂ ಹೇಳುತ್ತಿದ್ದರು. ಅದೇ ನನಗೆ ಇಷ್ಟ. ಸಿನಿಮಾ ಯಾವ ಊರಿನದಾದರೂ ಆಗಲಿ, ಮೇಷ್ಟ್ರ ಬಾಯಲ್ಲಿ ಅದು ನಡೆಯುವುದು ನಮ್ಮ ತಾಲ್ಲೂಕಿನಲ್ಲೇ. ಒಮ್ಮೆ ಸ್ಟಾಫ್ ರೂಮಿನಲ್ಲಿ ಹೀಗೆ ಶುರುಮಾಡಿದರು. ಗೆಜ್ಜಲಗೆರೆ ಸ್ಟಾಪಿಗೆ ಬಸ್ಸು ಬಂತು. ಕಿಟಕಿ ಸೀಟಿಗೆ ಹೀರೋ ಆ ಕಡೆಯಿಂದ ಟವೆಲ್ ಹಾಕಿದ, ಹೀರೋಯಿನ್ನು ಈ ಕಡೆಯಿಂದ ಕರ್ಚೀಫ್ ಹಾಕಿದಳು. ಒಳಗೆ ಹತ್ತಿ ಬಂದು ನೋಡಿದರೆ ಸೀಟಿನ ಮೇಲೆ ಎರಡೂ ಇವೆ. ಹಿಡಿಯಿತು ನೋಡಿ ಜಗಳ!

"ಅಲ್ಲ ಮೇಷ್ಟ್ರೇ, ನ್ಯೂಯಾರ್ಕಿನಲ್ಲಿ ಟವೆಲ್ ಹಾಕಿ ಸೀಟು ಹಿಡೀತಾರಾ?" ಅಂದೆ.

"ನ್ಯೂಯಾರ್ಕ್ ಆದ್ರೇನು ಮೇಡಮ್ಮ, ಕುಂತ್ಕಳಕ್ಕೆ ಸೀಟು ಬ್ಯಾಡ್ವಾ?" ಅಂದರು. ಇದಕ್ಕೆ ಏನು ಹೇಳುತ್ತೀರಿ?

ಎಲ್ಲ ಸಿನಿಮಾದಲ್ಲೂ ಮೂರೇ ರೀಲು ಅನ್ನುವುದು ಅವರ ಸಿದ್ಧಾಂತ. ಮೊದಲು ಜಗಳ, ಆಮೇಲೆ ಡ್ಯಾನ್ಸು, ಕೊನೆಗೆ ಮುತ್ತು. ಮುತ್ತು ಕೊಟ್ಟ ತಕ್ಷಣ ದೀಪ ಹಾಕಿಬಿಡುತ್ತಾರೆ, ಜನ ಎದ್ದು ಮನೆಗೆ ಹೋಗಬೇಕು. ಜಗಳ ಎಷ್ಟು ಜೋರೋ ಡ್ಯಾನ್ಸು ಅಷ್ಟು ಚೆಂದ. ಇದನ್ನು ಹೇಳಿ, ನಿಟ್ಟುಸಿರು ಬಿಟ್ಟು, "ನಮ್ಮನೇಲಿ ಮದ್ವೆಯಾದಾಗ್ನಿಂದ ಮೊದಲ್ನೇ ರೀಲೇ ಓಡ್ತಾ ಅದೆ" ಅನ್ನುತ್ತಿದ್ದರು.

ಅದು ಮಾತ್ರ ಸುಳ್ಳಲ್ಲ. ಅಕ್ಕ ಆತಗೂರು ಕಡೆಯ ದೊಡ್ಡ ಒಕ್ಕಲು ಮನೆಯ ಹೆಣ್ಣು. ತವರಿನಿಂದ ಬಂದ ಕಬ್ಬಿನ ಗದ್ದೆಯನ್ನು ತಾನೇ ಮುಂದೆ ನಿಂತು ನೋಡಿಕೊಂಡವರು. ಆಳುಗಳನ್ನು ಕರೆಯುವ ದನಿಯಲ್ಲೇ ಗಂಡನನ್ನೂ ಕರೆಯುತ್ತಿದ್ದರು. ಮೇಷ್ಟ್ರು ಟೀವಿಯಲ್ಲಿ ಸಿನಿಮಾ ಹಾಕಿದರೆ ಅಕ್ಕ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲೇ ಕೂತು ಟೀಕೆ ಹೇಳುವರು.

"ಅಷ್ಟೊಂದು ಮೆಟ್ಲು ಯಾಕಂತೆ? ಗುಡ್ಸೋರ್ ಯಾರು?"

"ಅದು ಸೆಟ್ಟು ಕಣೆ."

"ಓಹೋ, ಆ ಯಮ್ಮನ ಲಂಗನೇ ಗುಡಿಸ್ಕಂಡ್ ಓಯ್ತಾ ಅದಲ್ಲ, ಬುಡಿ. ಇವ್ರಿಗೆ ಬ್ಯಾರೆ ಕ್ಯಾಮೆ ಇಲ್ವಾ? ಒಲ ಇಲ್ಲ, ಗದ್ದೆ ಇಲ್ಲ, ಎದ್ರೆ ಕುಣಿಯಾದು."

ಹೇಳುತ್ತಾ ಹೇಳುತ್ತಾ ಪೂರ್ತಿ ಸಿನಿಮಾ ನೋಡುವರು. ಅವರೆಕಾಯಿ ಮುಗಿದರೂ ಏಳುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡವಳು.

ಶಾಲೆಯಲ್ಲಿ ಮೇಷ್ಟ್ರು ಮಾಡಿದ ಅವಾಂತರ ಒಂದೆರಡಲ್ಲ. ಮಂಡ್ಯದಲ್ಲಿ ಜಿಲ್ಲಾ ಕ್ರೀಡಾಕೂಟ. ನಮ್ಮ ಹುಡುಗರ ಸಾಲು ಎಡಬಲ ಎಡಬಲ ಅಂತ ಗಣ್ಯರ ವೇದಿಕೆಯವರೆಗೂ ಸರಿಯಾಗೇ ಹೋಯಿತು. ವೇದಿಕೆಯ ಎದುರು ಬಂದದ್ದೇ ತಡ, ಇಡೀ ಸಾಲು ಟಕ್ಕಟಕ ಟಕ್ಕಟಕ ಅಂತ ಕಾಲು ಬಡಿದು, ಒಂದು ಸುತ್ತು ತಿರುಗಿ, ಏನೂ ಆಗದವರ ಹಾಗೆ ಮುಂದಕ್ಕೆ ನಡೆಯಿತು. ವೇದಿಕೆಯ ಮೇಲಿದ್ದ ಸಾಹೇಬರು ಮೈಮರೆತು ಚಪ್ಪಾಳೆ ತಟ್ಟಿಬಿಟ್ಟರು. ಪಕ್ಕದವರು ಸುಮ್ಮನಿದ್ದದ್ದು ನೋಡಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಹೆಡ್ಮಾಷ್ಟ್ರು ಕೆಂಡಾಮಂಡಲ. "ಏನ್ರೀ ಇದು, ಪೆರೇಡೋ ರೆಕಾರ್ಡ್ ಡ್ಯಾನ್ಸೋ?"

"ಸಾರ್, ಎಡನೂ ಸರಿಯಾಗಿತ್ತು, ಬಲನೂ ಸರಿಯಾಗಿತ್ತು. ಮಧ್ಯದಾಗೆ ಒಸಿ ಜಾಗ ಖಾಲಿ ಇತ್ತು. ತುಂಬಿಸ್ದೆ."

ಹೆಡ್ಮಾಷ್ಟ್ರು ನನ್ನ ಮುಖ ನೋಡಿದರು. ನಾನು ಸೀರೆ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದೆ.

ರಿಟೈರ್ ಆದಮೇಲೆ ಹಗ್ಗ ಬಿಚ್ಚಿದ ಹಾಗಾಯಿತು. ಇನ್ನು ಸೀಟಿ ಊದುವ ಕೆಲಸವಿಲ್ಲ, ಕುಣಿಯುವುದೊಂದೇ ಬಾಕಿ. ಆದರೆ ಆ ಟಕಟಕ ಸದ್ದು ಬರಬೇಕಾದರೆ ಬೂಟಿನ ತಳಕ್ಕೆ ಲೋಹದ ತಗಡು ಬೇಕಂತೆ. ಅಂಥ ಬೂಟು ಮಂಡ್ಯದ ಯಾವ ಅಂಗಡಿಯಲ್ಲಿ ಸಿಕ್ಕೀತು? ಮೇಷ್ಟ್ರು ಒಂದು ದಿನ ಸಂತೆಗೆ ಹೋದರು. ನಾನೂ ಸೊಪ್ಪು ತರಲು ಹೋಗಿದ್ದೆ. ನೋಡುತ್ತೇನೆ, ಎತ್ತುಗಳಿಗೆ ಲಾಳ ಕಟ್ಟುವ ಮುದುಕನ ಮುಂದೆ ನಮ್ಮ ಮೇಷ್ಟ್ರು ಬೂಟು ಬಿಚ್ಚಿ ನಿಂತಿದ್ದಾರೆ.

ಪಾಪ, ಆ ಮುದುಕನಿಗೆ ಕೆಲಸವೇ ಇರಲಿಲ್ಲ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರುಗಳು ಬಂದು ಕೂತಿವೆ. ಬಂದ ಗಿರಾಕಿಯನ್ನು ಬಿಡಬಾರದು ಅಂತ ಬೂಟನ್ನು ಆಕಡೆ ಈಕಡೆ ತಿರುಗಿಸಿ ನೋಡಿ ಕೇಳಿದ, "ಎತ್ತಿನ್ ಗೊರಸು ಸೀಳಿರ್ತದೆ, ಒಂದ್ ಕಾಲ್ಗೆ ಎರಡು ಲಾಳ ಕಟ್ತೀವಿ. ನಿಮ್ಗೆ?"

"ನಂಗೂ ಎರಡೇ ಕಟ್ಟು. ಬೆರಳ್ ಕಡೀಕೊಂದು, ಇಮ್ಮಡಿಗೊಂದು."

ಸುತ್ತ ಜನ ಸೇರಿತು. ಮದ್ದೂರಿನ ಸಂತೆಯ ಜನ ಬಾಯಿ ಕಟ್ಟಿಕೊಂಡು ಇರುತ್ತಾರೆಯೇ? "ಮೇಷ್ಟ್ರನ್ನ ನೆಲಕ್ಕೆ ಕೆಡವಿ ಕಾಲ್ ಕಟ್ಲಾ, ಒದ್ದಾರು!" ಅಂದ ಒಬ್ಬ. "ಬಾಯ್ ಬುಡ್ಸಿ ಅಲ್ಲು ನೋಡ್ಲಾ ಮೊದ್ಲು, ಎಷ್ಟ್ ವರ್ಸುದ್ದು ಅಂತ" ಅಂದ ಇನ್ನೊಬ್ಬ. ಒಬ್ಬ ಯಜಮಾನ ಬೀಡಿ ತೆಗೆದು ಗಂಭೀರವಾಗಿ ಕೇಳಿದ, "ಒಂಟಿ ಎತ್ಗೆ ಕಟ್ಸಿ ಏನ್ ಮಾಡೀರಿ ಮೇಷ್ಟ್ರೇ? ಜೊತೇದೆಲ್ಲಿ?"

"ಮನೇಲದೆ. ತಿವೀತದೆ ಅಂತ ತಂದಿಲ್ಲ" ಅಂದರು ಮೇಷ್ಟ್ರು. ಸಂತೆಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಆದರೆ ಮೇಷ್ಟ್ರು ಚೀಲದಿಂದ ಮೆಲ್ಲಗೆ ಇನ್ನೊಂದು ಜೊತೆ ಬೂಟು ತೆಗೆದರು. ಹೆಂಗಸರ ಅಳತೆಯವು. ಅಕ್ಕ ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಕದ್ದು ಅಳತೆ ತೆಗೆದಿದ್ದರಂತೆ. ಅದಕ್ಕೂ ಲಾಳ ಕಟ್ಟಿಸಿಕೊಂಡು, ಪೇಪರಿನಲ್ಲಿ ಸುತ್ತಿ, ಬಾಳೆಹಣ್ಣಿನ ಕೆಳಗೆ ಇಟ್ಟುಕೊಂಡು ಮನೆಗೆ ಹೋದರು.

ಅಕ್ಕ ಆ ಬೂಟಿಗೆ ಕೊಟ್ಟ ಮರ್ಯಾದೆ ನಾನು ಕಂಡೆ. ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲಿ ಅಂತ ಅಡ್ಡ ಇಟ್ಟಿದ್ದರು. "ತೂಕ ಚೆನ್ನಾಗದೆ" ಅಂದರು.

ಬೂಟು ಬಂತು, ನೆಲ ಬೇಡವೇ? ಮೇಷ್ಟ್ರ ಮನೆಯದು ಕೆಂಪು ಗಾರೆ. ಮೊದಲ ದಿನವೇ ಲಾಳ ಜಾರಿ, ಅಡಿಗೆಮನೆಯ ಬಾಗಿಲಿನಿಂದ ದೇವರಮನೆಯ ಬಾಗಿಲಿನವರೆಗೂ ಕೂತ ಭಂಗಿಯಲ್ಲೇ ಬಂದರು. ಕುಣಿತಕ್ಕೆ ಹಲಗೆ ಬೇಕು ಅನ್ನುವುದು ಆಗ ತಿಳಿಯಿತು. ಹಲಗೆ ಮನೆಯಲ್ಲೇ ಇತ್ತು. ಅಲ್ಲೇ ಎಡವಟ್ಟಾದದ್ದು.

ಅಕ್ಕನ ತವರಿನ ಹಳೇ ಮನೆ ಕೆಡವಿ ಅಣ್ಣ ತಾರಸಿ ಮನೆ ಕಟ್ಟಿದಾಗ, ಅಕ್ಕ ಆ ಮನೆಯದು ಬೇರೇನೂ ಕೇಳದೆ ತಲೆಬಾಗಿಲಿನ ಒಂದು ಕದ ಕೇಳಿ ತಂದಿದ್ದರು. ಹಲಸಿನ ಮರದ್ದು, ಅಂಗೈ ದಪ್ಪದ್ದು. ಮಹಡಿಯ ಕೋಣೆಯಲ್ಲಿ ಗೋಡೆಗೆ ಒರಗಿಸಿ, ಶುಕ್ರವಾರ ಶುಕ್ರವಾರ ಅರಿಶಿನ ಕುಂಕುಮ ಇಡುತ್ತಿದ್ದರು. ಮೇಷ್ಟ್ರು ಅದನ್ನೊಮ್ಮೆ ಬೆರಳ ಗೆಣ್ಣಿನಿಂದ ತಟ್ಟಿದರು. ಮುಗಿಯಿತು. "ಏನ್ ಸದ್ದು ಮೇಡಮ್ಮ! ಅಮೇರಿಕದೋರು ಕೇಳುದ್ರೆ ಎತ್ಕಂಡ್ ಓಯ್ತಾರೆ" ಅಂದರು. ಅಕ್ಕ ಗದ್ದೆಗೆ ಹೋಗಿದ್ದ ಹೊತ್ತು ನೋಡಿ ಕದವನ್ನು ನೆಲಕ್ಕೆ ಮಲಗಿಸಿ ಮೇಲೆ ಹತ್ತಿದರು. ಅಕ್ಕ ಮರೆತ ಕುಡುಗೋಲಿಗೆ ಅಂತ ಅರ್ಧ ದಾರಿಯಿಂದ ವಾಪಸು ಬಂದರು.

ಆ ಜಗಳಕ್ಕೆ ನಾನು ಕಾಂಪೌಂಡು ಹಾರಿ ಹೋಗಬೇಕಾಯಿತು. ನೋಡಿದರೆ ಮೇಷ್ಟ್ರು ಕದದ ಮೇಲೆ, ಅಕ್ಕ ಕುಡುಗೋಲು ಹಿಡಿದು ಬಾಗಿಲಲ್ಲಿ.

"ಇಳೀರಿ! ನಮ್ಮಪ್ಪನ್ ಮನೆ ಬಾಗ್ಲು ತುಳೀತೀರಾ? ಅರಿಸ್ನ ಕುಂಕುಮ ಇಕ್ಕಿರೋ ಬಾಗ್ಲು!"

"ಕುಂಕುಮ ಆಕಡೀಕದೆ ಕಣೆ. ನಾನು ಇಂದ್ಗಡೆ ಮೇಲೆ ನಿಂತಿವ್ನಿ."

"ನೋಡು ಮೇಡಮ್ಮ, ಈ ಮನುಸ್ನ ಮಾತ್ನ!" ಅಕ್ಕನ ಕಣ್ಣಲ್ಲಿ ನೀರು. "ಆ ಬಾಗ್ಲು ದಾಟೋವಾಗ ನಾವು ಎಣ್ಮಕ್ಳು ಕಾಲ್ ಸದ್ದು ಮಾಡಂಗಿರ್ಲಿಲ್ಲ. ಗೆಜ್ಜೆ ಅಂಗಿರ್ಲಿ, ಕಾಲಿಮ್ಮಡಿ ಸದ್ದಾದ್ರೂ ನಮ್ಮಪ್ಪ ಜಗಲಿ ಮೇಲಿಂದ ಕೆಮ್ಮೋನು. ಒಂದ್ಸಲ ತಮಟೆ ಸದ್ದಿಗೆ ಕಾಲ್ ಆಡ್ಸುದ್ನಿ ಅಂತ ಮೂರೊತ್ತು ಅನ್ನ ಇಕ್ಕಿರ್ಲಿಲ್ಲ. ಅದರ್ ಮೇಲೆ ಇವ್ರು ಲಾಳದ್ ಬೂಟ್ ಆಕ್ಕಂಡು ಕುಣೀತಾರೆ!"

ಮೇಷ್ಟ್ರು ಇಳಿದರು. ಕದವನ್ನು ಒರಗಿಸಿಟ್ಟರು. ಆಮೇಲೆ ಅದನ್ನು ಮುಟ್ಟಲಿಲ್ಲ. ಹಳೇ ಬೆಂಚಿನ ಎರಡು ಹಲಗೆ ತಂದು ಹಿತ್ತಲಲ್ಲಿ ಜೋಡಿಸಿಕೊಂಡು ಕುಣಿದರು. ಬೀದಿಯ ನಾಯಿಗಳು ಮೊದಮೊದಲು ಬೊಗಳಿ, ಆಮೇಲೆ ಬೇಸತ್ತು ಬಿಟ್ಟವು. ನಿಜ ಹೇಳುತ್ತೇನೆ, ಕುಣಿತ ಚೆನ್ನಾಗಿತ್ತು. ಹೊಟ್ಟೆ ಒಂದು ಕಡೆ, ಕಾಲು ಒಂದು ಕಡೆ ಹೋದರೂ ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ನೋಡುತ್ತಿದ್ದೆ.

ಆದರೆ ಒಂಟಿಯಾಗಿ ಕುಣಿದರೆ ಅದು ಎರಡನೇ ರೀಲಲ್ಲ ಅಂತ ಮೇಷ್ಟ್ರ ಹಟ. ಅಕ್ಕ ಒಂದು ಸಲ, ಒಂದೇ ಒಂದು ಸಲ ಜೊತೆಗೆ ಕುಣಿಯಬೇಕು. ಆ ಆಸೆಯೇ ಅವರನ್ನು ಮಳವಳ್ಳಿಯಲ್ಲಿ ಮುಗ್ಗರಿಸಿದ್ದು.

ಆ ಮದುವೆಗೆ ನಾನೂ ಅವರ ಜೊತೆ ಹೋಗಿದ್ದೆ. ಈಗಿನ ಮದುವೆ ನಿಮಗೆ ಗೊತ್ತಲ್ಲ. ಆರತಕ್ಷತೆಗೆ ಡಿಜೆ, ಹೊಗೆ, ಮದುಮಕ್ಕಳೇ ವೇದಿಕೆ ಮೇಲೆ ಕುಣಿಯುವುದು. ಹುಡುಗಿಯ ಚಿಕ್ಕಮ್ಮ, ಹುಡುಗನ ಸೋದರಮಾವ, ಫೋಟೋ ತೆಗೆಯುವವನು ಎಲ್ಲ ಕುಣಿದರು. ವೇದಿಕೆ ಮರದ್ದು. ಮೇಷ್ಟ್ರ ಕಿವಿ ನಿಮಿರಿತು. ಅವರು ಬಂದಿದ್ದ ವೇಷವನ್ನು ಮೊದಲು ಹೇಳಬೇಕು. ಮಂಡ್ಯ ಕೋರ್ಟಿನ ವಕೀಲ ಶಿಷ್ಯನೊಬ್ಬನಿಂದ ಕರೀ ಕೋಟು ಇಸಿದುಕೊಂಡಿದ್ದರು. ಬಾಲ ಇಲ್ಲ ಅನ್ನುವ ಕೊರತೆಗೆ ಮೇಲೆ ವಕೀಲರ ಗೌನನ್ನೂ ಹಾಕಿಕೊಂಡಿದ್ದರು. ಬೀಗರ ಕಡೆಯವರು ಯಾವುದೋ ಕೇಸು ಬಂದಿದೆ ಅಂತ ಹೆದರಿ ಎದ್ದು ಸೀಟು ಬಿಟ್ಟುಕೊಟ್ಟರು.

ಹಾಡು ನಿಲ್ಲಿಸಲು ಹೇಳಿ, ಲಾಳದ ಬೂಟಿನಲ್ಲಿ ಟಕ್ ಟಕ್ ಅಂತ ಇಳಿದು ಬಂದು, ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನ ಎದುರು ಒಂದು ಮಂಡಿಯೂರಿ ಕೈ ಚಾಚಿದರು. ಚಟ್ ಅಂತ ಸದ್ದಾಯಿತು. ಅದು ಲಾಳದ್ದೋ ಮಂಡಿಯದ್ದೋ ತಿಳಿಯಲಿಲ್ಲ. ಅಕ್ಕನ ಅಣ್ಣ ಹಲ್ಲು ಕಡಿದು, "ಏನ್ ಭಾವ ಇದು, ಎದ್ದೇಳಿ" ಅಂದ. ಅಕ್ಕನ ತವರಿನ ಮುದುಕಿಯರೆಲ್ಲ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಅಕ್ಕನ ಮುಖ ಕೆಂಪಗೆ, ಬೆಳ್ಳಗೆ, ಮತ್ತೆ ಕೆಂಪಗೆ ಆಯಿತು.

ಆಗ ಬಂದದ್ದೇ ಆ ಮಾತು. "ನಾನು ಕುಣಿಯೋದು ನಿಮ್ ಎಣದ್ ಮುಂದೇನೆ, ಓಗಿ!"

ಛತ್ರ ನಕ್ಕು ನಕ್ಕು ಬಿತ್ತು. ಮೇಷ್ಟ್ರು ಇಬ್ಬರ ಭುಜ ಹಿಡಿದು ಎದ್ದರು. ಎದ್ದು ಗೌನು ಕೊಡವಿ, "ಕೇಳುದ್ರಲ್ಲ ಎಲ್ಲಾರು? ಒಪ್ಕಂಡವ್ಳೆ. ತಾರೀಕು ಮಾತ್ರ ಮುಂದಕ್ಕೋಗದೆ" ಅಂದರು. ಮತ್ತೆ ನಗು. ವೀಡಿಯೋ ಅಲ್ಲಿಗೆ ಮುಗಿಯುತ್ತದೆ.

ಮುಗಿದ ಮೇಲಿನದನ್ನು ನೋಡಿದವಳು ನಾನು. ವಾಪಸು ಬಸ್ಸಿನಲ್ಲಿ ಅಕ್ಕ ಮುಂದಿನ ಸೀಟಿನಲ್ಲಿ ಬೆನ್ನು ಸೆಟೆದು ಕೂತಿದ್ದರು. ಮೇಷ್ಟ್ರು ನನ್ನ ಪಕ್ಕ, ಕಿಟಕಿಯ ಕಡೆ. ಭಾರತೀನಗರದ ಹತ್ತಿರ ಕಬ್ಬಿನ ಲಾರಿಗಳ ಸಾಲಿಗೆ ಸಿಕ್ಕಿ ಬಸ್ಸು ನಿಂತಿತು. ಮೇಷ್ಟ್ರ ತೊಡೆಯ ಮೇಲೆ ಬ್ಯಾಗು. ಅದರೊಳಗೆ ಹಿತ್ತಲ ಬಾಗಿಲಿನಿಂದ ತಂದಿದ್ದ ಅಕ್ಕನ ಬೂಟು.

"ಕೊನೇ ರೀಲು ಬ್ಯಾಡ ಮೇಡಮ್ಮ. ಎರಡ್ನೇದಾದ್ರೂ ಬ್ಯಾಡ್ವಾ ಮನುಸಂಗೆ?" ಅಂದರು.

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ತವರಿನವರ ಮುಂದೆ ಕೇಳ್ತಾರಾ ಮೇಷ್ಟ್ರೇ? ಬುದ್ಧಿ ಬೇಡ್ವಾ ನಿಮಗೆ?" ಅಂದೆ. "ಸಿನಿಮಾದಾಗೆ ಅಂಗೇ ಕೇಳಾದು" ಅಂದರು. ಮುಂದಿನ ಸೀಟಿನ ಬೆನ್ನು ಅಲುಗಲಿಲ್ಲ. ಆದರೆ ಅಕ್ಕನಿಗೆ ಅಷ್ಟೂ ಕೇಳಿಸಿತ್ತು ಅಂತ ನಾನು ಆಣೆ ಮಾಡಿ ಹೇಳಬಲ್ಲೆ.

ಆಮೇಲೆ ಆ ಮಾತು ಅವರ ಮನೆಯ ದಿನನಿತ್ಯದ ತಮಾಷೆಯಾಯಿತು. ಮೇಷ್ಟ್ರಿಗೆ ಕೆಮ್ಮು ಬಂದರೆ "ಪ್ರಾಕ್ಟೀಸ್ ಮಾಡ್ಕಳೆ, ಅತ್ರ ಬಂತು" ಅನ್ನುವರು. ಅಕ್ಕ "ನಿಮ್ದೆಲ್ಲಿ ಬತ್ತದೆ, ಗಟ್ಟಿ ಪಿಂಡ" ಅನ್ನುವರು. ನಾವೂ ನಗುತ್ತಿದ್ದೆವು.

ನಗು ನಿಂತದ್ದು ಈ ವರ್ಷದ ಯುಗಾದಿ ಕಳೆದ ಮೇಲೆ. ಸ್ನಾನಕ್ಕೆ ಹೋದ ಮೇಷ್ಟ್ರು ಬಚ್ಚಲಲ್ಲೇ ಕುಸಿದರು. ಲಕ್ವ. ಮಂಡ್ಯದ ಆಸ್ಪತ್ರೆಯಿಂದ ಮನೆಗೆ ತಂದಾಗ ಎಡಗೈ, ಎಡಗಾಲು ಎರಡೂ ಬಿದ್ದುಹೋಗಿದ್ದವು. ಬಾಯಿ ಒಂದು ಕಡೆಗೆ ವಾಲಿತ್ತು. ದಿನವಿಡೀ ಮಾತಾಡುತ್ತಿದ್ದವರು ಒಂದು ಮಾತಿಗೆ ತಿಣುಕಬೇಕು. ನಡುಮನೆಯಲ್ಲಿ ಕಬ್ಬಿಣದ ಮಂಚ ಹಾಕಿ ಟೀವಿಯ ಎದುರು ಮಲಗಿಸಿದ್ದರು. ಸಿನಿಮಾ ಹಾಕಿದರೆ ಬಲಗೈಯ ಬೆರಳು ಮಂಚದ ಸರಳಿನ ಮೇಲೆ ತಾಳ ಹಾಕುತ್ತಿತ್ತು. ಬೆರಳು ನಿಂತರೆ ಕಣ್ಣಲ್ಲಿ ನೀರು. ನಾನು ಹೋಗಿ ಕೂತು, ಬೈಯುವುದಕ್ಕೂ ಆಗದೆ, ನಗುವುದಕ್ಕೂ ಆಗದೆ ಎದ್ದು ಬರುತ್ತಿದ್ದೆ. ಯಾಕೆ ಇನ್ನೂ ಗಟ್ಟಿಯಾಗಿ ನಗಲಿಲ್ಲ ನಾನು ಆ ಸಂತೆಯಲ್ಲಿ, ಆ ಛತ್ರದಲ್ಲಿ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ಪಕ್ಕದ ಮನೆಯಿಂದ ದಡ್ ಅಂತ ಸದ್ದು. ಮೇಷ್ಟ್ರು ಮಂಚದಿಂದ ಬಿದ್ದರು ಅಂದುಕೊಂಡೆ. ತಲೆ ಕಟ್ಟಿಕೊಳ್ಳದೆ ಓಡಿದೆ. ಮುಂಬಾಗಿಲು ಅರ್ಧ ತೆರೆದಿತ್ತು.

ನಡುಮನೆಯ ಮಧ್ಯೆ, ಮಂಚಕ್ಕೆ ತಾಗಿದ ಹಾಗೆ, ತವರಿನ ಆ ಹಲಸಿನ ಕದ ಮಲಗಿತ್ತು. ಮಹಡಿಯಿಂದ ಅದನ್ನು ಒಬ್ಬರೇ ಹೇಗೆ ಇಳಿಸಿದರೋ ದೇವರಿಗೇ ಗೊತ್ತು. ಕುಂಕುಮವನ್ನು ಒರೆಸಿರಲಿಲ್ಲ. ಅಕ್ಕ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ನಿಂತಿದ್ದರು. ಕಾಲಲ್ಲಿ ಆ ಬೂಟು. ಮೇಷ್ಟ್ರನ್ನು ಎಬ್ಬಿಸಿ ಮಂಚದ ಅಂಚಿಗೆ ಕೂರಿಸಿ, ಬೆನ್ನಿಗೆ ದಿಂಬುಗಳ ರಾಶಿ ಕೊಟ್ಟಿದ್ದರು. ಅವರ ಬಲಗಾಲಿಗೆ ಅವರ ಬೂಟನ್ನು ಹಾಕಿ, ಲೇಸು ಗಂಟು ಹಾಕಿ, ಕದದ ಮೇಲೆ ಊರಿಸಿದ್ದರು. ಟೀವಿಯಲ್ಲಿ ಕಹಳೆ ಊದುತ್ತಿತ್ತು.

"ಕೇಳಿಸ್ಕಳಿ" ಅಂದರು ಅಕ್ಕ. "ಎಣದ್ ಮುಂದೆ ಕುಣೀತೀನಿ ಅಂದಿದ್ನಲ್ಲ, ಆ ಮಾತ್ನ ವಾಪಸ್ ತಕತಾ ಇವ್ನಿ. ಎಣ ಏನ್ ನೋಡಾತು? ಈಗ್ಲೇ ನೋಡ್ಕಬುಡಿ. ಆಮ್ಯಾಕೆ ನಂಗೇಳ್ಬೇಡಿ."

ಮತ್ತೆ ಕುಣಿದರು. ಅಯ್ಯೋ, ಕುಣಿತವೇ ಅದು! ಒಲೆ ಹಿಂದೆ ಚೇಳು ಕಂಡು ತುಳಿದ ಹಾಗಿತ್ತು. ದಡ್, ದಡ್, ದಡ್. ಕಾಲ ಸದ್ದು ಮಾಡಬಾರದು ಅಂತ ಬೆಳೆದ ಹೆಂಗಸು, ಅದೇ ಬಾಗಿಲ ಮೇಲೆ ನಿಂತು, ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಒದ್ದರು. ಒಂದು ಕೈಯಲ್ಲಿ ಮೇಷ್ಟ್ರ ಬಲಗೈ ಹಿಡಿದಿದ್ದರು.

ಮೇಷ್ಟ್ರ ಬಾಯಿ ಅಲುಗಿತು. "ತಾ... ತಾಳ" ಅಂದರು. "ತಪ್ತು."

"ಬಾಯ್ ಮುಚ್ಕಂಡ್ ಕುಣೀರಿ!"

ಮೇಷ್ಟ್ರ ಬಲಗಾಲು ಎದ್ದಿತು. ಟಕ್. ಇನ್ನೊಮ್ಮೆ ಟಕ್ಕಟಕ. ಅಕ್ಕ ಆ ಕಾಲನ್ನೇ ನೋಡುತ್ತಾ, ತುಟಿ ಕಚ್ಚಿ, ಎಂಟನೇ ಕ್ಲಾಸಿನ ದಡ್ಡ ಹುಡುಗನ ಹಾಗೆ ಅದನ್ನೇ ಕಾಪಿ ಹೊಡೆದರು. ಮೂರು ಕಾಲಿನ ಕುಣಿತ. ಮೊದಲು ಕೂಡಲಿಲ್ಲ. ಆಮೇಲೆ ಕೂಡಿತು. ಒಂದಷ್ಟು ಹೊತ್ತು, ಒಂದು ಹಾಡಿನ ಕಾಲುಭಾಗ ಇದ್ದೀತು, ಇಬ್ಬರ ಬೂಟಿನ ಸದ್ದೂ ಒಂದೇ ಆಯಿತು. ವಾಲಿದ ಬಾಯಲ್ಲೇ ಮೇಷ್ಟ್ರು ನಗುತ್ತಿದ್ದರು, ಗಲ್ಲದ ಮೇಲೆ ನೀರು ಸುರಿಯುತ್ತಿತ್ತು. ನನಗೂ.

ಅಕ್ಕ ಆಗ ನನ್ನನ್ನು ಕಂಡರು. "ಏನ್ ಮೇಡಮ್ಮ, ಪಿಚ್ಚರ್ ನೋಡ್ದಂಗ್ ನೋಡ್ತಾ ನಿಂತಿದ್ದೀಯ? ಮುಂಬಾಗ್ಲು ಆಕ್ಕಂಡು ಓಗು ಮನೆಗೆ."

ಹಾಕಿಕೊಂಡು ಬಂದೆ. ಗೇಟಿನ ಹತ್ತಿರ ಬರುವಷ್ಟರಲ್ಲಿ ಒಳಗಿನ ಸದ್ದು ನಿಂತಿತ್ತು. ಮೂರನೇ ರೀಲು ಏನಾಯಿತೋ ನಾನು ನೋಡಲಿಲ್ಲ. ನೋಡಿದ್ದರೂ ನಿಮಗೆ ಹೇಳುತ್ತಿರಲಿಲ್ಲ.

ಇದಾದ ಮೇಲೆ ಮೇಷ್ಟ್ರು ಹೆಚ್ಚು ದಿನ ಉಳಿಯಲಿಲ್ಲ. ಶಾಮಿಯಾನದ ಕೆಳಗೆ ಜನ ಅಕ್ಕನ ಕಾಲು ನೋಡುತ್ತಿದ್ದ ದಿನ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ತವರಿನ ಮುದುಕಿಯೊಬ್ಬಳು ಬಾಗಿ, "ಏನವ್ವ, ಮಾತಾಡಿದ್ಯಲ್ಲ, ಕುಣಿಯಕ್ಕಿಲ್ವಾ?" ಅಂತ ಚುಚ್ಚಿದಳು. ಅಕ್ಕ ತಿರುಗಿಯೂ ನೋಡಲಿಲ್ಲ. ಹುಡುಗರು ತಮಟೆಗೆ ಎಗರಿ ಎಗರಿ ಕುಣಿದು ಸುಸ್ತಾದರು. ನೋಡಿ ನೋಡಿ ಬೇಸರಾಗಿ ಜನ ಮೊಬೈಲುಗಳನ್ನು ಜೇಬಿಗೆ ಇಳಿಸಿದರು. ಹೆಣ ಎತ್ತುವ ಹೊತ್ತಾಯಿತು.

ಅಕ್ಕ ನನ್ನ ಕಿವಿಯ ಹತ್ತಿರ ಬಂದರು. "ನೋಡ್ದಾ ಮೇಡಮ್ಮ, ಇವ್ರ್ ಕುಣಿತವಾ? ಒಬ್ಬಂಗೂ ತಾಳ ಇಲ್ಲ. ಅವ್ರೇನಾರ ಎದ್ದಿದ್ರೆ, ಎಲ್ಲಾರ್ನೂ ಸಾಲಾಗಿ ನಿಲ್ಸಿ..."

ಅಷ್ಟಕ್ಕೇ ದನಿ ಒಡೆಯಿತು. ನನ್ನ ಭುಜಕ್ಕೆ ಮುಖ ಒತ್ತಿ, ಮೈಯೆಲ್ಲ ನಡುಗುವ ಹಾಗೆ ಅತ್ತರು. ತಮಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ, ಯಾವ ಮೊಬೈಲಿಗೂ ಸಿಗಲಿಲ್ಲ.